ಡಬ್ಬಿಯಲ್ಲಿ ಹೋದ ತುಣುಕು, ಕಾಗದದಲ್ಲಿ ಬಂದ ಮಾತು

ಆಪರೇಷನ್ ಥಿಯೇಟರಿನ ಬಾಗಿಲು ಅರ್ಧ ತೆರೆಯುತ್ತದೆ. “ಪೇಷಂಟ್ ಕಡೆಯವರು ಯಾರಿದ್ದೀರಿ?” ಎಂದು ಸಿಸ್ಟರ್ ಕೂಗುತ್ತಾರೆ. ಎದ್ದು ಹೋದವರ ಕೈಗೆ ಒಂದು ಪ್ಲಾಸ್ಟಿಕ್ ಡಬ್ಬಿ. ಒಳಗೆ ಕಣ್ಣು ಉರಿಸುವ ವಾಸನೆಯ ದ್ರವ, ಅದರಲ್ಲಿ ಮುಳುಗಿದ ಮಾಂಸದ ತುಂಡು. ಜೊತೆಗೊಂದು ಚೀಟಿ. “ಇದನ್ನ ಲ್ಯಾಬಿಗೆ ಕೊಟ್ಟು ಬನ್ನಿ, ಎಚ್‌ಪಿಇಗೆ ಅಂತ ಹೇಳಿ.” ಸಣ್ಣ ಊರುಗಳ ನರ್ಸಿಂಗ್ ಹೋಮುಗಳಲ್ಲಿ ಇದು ಹೊಸ ದೃಶ್ಯವಲ್ಲ. ಅಮ್ಮನ ಗರ್ಭಕೋಶವನ್ನೋ ಅಪ್ಪನ ಪಿತ್ತಕೋಶವನ್ನೋ ಕೈಚೀಲದಲ್ಲಿಟ್ಟುಕೊಂಡು ಆಟೊ ಹತ್ತಿದವರಿಗೆ ಆ ಮೂರಕ್ಷರದ ಅರ್ಥವನ್ನು ಬಿಡಿಸಿ ಹೇಳುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರುವುದಿಲ್ಲ. ವಾರದ ಬಳಿಕ ಕಾಗದ ಬರುತ್ತದೆ. ಅದರಲ್ಲಿರುವುದು ಇಂಗ್ಲಿಷೂ ಅಲ್ಲ, ಲ್ಯಾಟಿನ್ನೂ ಅಲ್ಲ ಎನ್ನುವಂಥ ಭಾಷೆ. ಮನೆಯಲ್ಲಿ ಓದಿದ ಹುಡುಗ ಒಬ್ಬನಿದ್ದರೆ ಒಂದೊಂದೇ ಪದವನ್ನು ಮೊಬೈಲಿನಲ್ಲಿ ಹುಡುಕುತ್ತಾ ಹೋಗುತ್ತಾನೆ. ಮೂರನೇ ಪದಕ್ಕೆ ಬರುವಷ್ಟರಲ್ಲಿ ಮನೆಮಂದಿಯ ಮುಖ ಬಿಳಿಚಿಕೊಂಡಿರುತ್ತದೆ.

ಎಚ್‌ಪಿಇ ಎಂದರೆ ಹಿಸ್ಟೋಪೆಥಾಲಜಿ ಎಕ್ಸಾಮಿನೇಷನ್. ದೇಹದಿಂದ ತೆಗೆದ ಅಂಗಾಂಶವನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ನೋಡಿ ರೋಗ ಯಾವುದೆಂದು ಹೇಳುವ ವಿದ್ಯೆ. ನಮ್ಮ ಪಠ್ಯಪುಸ್ತಕಗಳು ‘ಅಂಗಾಂಶ ರೋಗಶಾಸ್ತ್ರ’ ಎನ್ನುತ್ತವೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಮಾತ್ರ ಆ ಮಾತು ಯಾರ ಬಾಯಲ್ಲೂ ಇಲ್ಲ. ಅಲ್ಲಿ ಎಲ್ಲವೂ ‘ಬಯಾಪ್ಸಿ’. ನಿಜಕ್ಕೆ ಬಯಾಪ್ಸಿ ಅಂದರೆ ತುಣುಕನ್ನು ತೆಗೆಯುವ ಕೆಲಸ, ಹಿಸ್ಟೋಪೆಥಾಲಜಿ ಅಂದರೆ ಅದನ್ನು ಓದುವ ಕೆಲಸ. ಮೊದಲನೆಯದು ಸರ್ಜನ್ ಕೈಯದು, ಎರಡನೆಯದು ಪೆಥಾಲಜಿಸ್ಟ್ ಕಣ್ಣಿನದು.

ಕಣ್ಣು ಎಂದೆ. ಈ ಲೇಖನದಲ್ಲಿ ನನಗೆ ಮುಖ್ಯವಾಗಿ ಹೇಳಬೇಕಿರುವುದು ಅದನ್ನೇ. ರೋಗಿಯ ಫೈಲಿನಲ್ಲಿ ಸಕ್ಕರೆ, ಕ್ರಿಯಾಟಿನಿನ್, ಹಿಮೋಗ್ಲೋಬಿನ್ ಚೀಟಿಗಳ ನಡುವೆಯೇ ಈ ಕಾಗದವೂ ಸೇರಿಕೊಂಡಿರುತ್ತದೆ. ಆದ್ದರಿಂದ ಇದೂ ಮೆಷಿನ್ನಿಗೆ ಹಾಕಿ ತೆಗೆದ ಫಲಿತಾಂಶ ಎಂದೇ ಬಹಳ ಮಂದಿ ತಿಳಿಯುತ್ತಾರೆ. ಹಾಗಲ್ಲ. ಎಂಬಿಬಿಎಸ್ ಮೇಲೆ ಮತ್ತೆ ಮೂರು ವರ್ಷ ಎಂ.ಡಿ. ಓದಿದ ಒಬ್ಬ ವೈದ್ಯ ಕೂತು, ನೋಡಿ, ಯೋಚಿಸಿ, ಅನುಮಾನ ಬಂದರೆ ಪಕ್ಕದ ಕುರ್ಚಿಯವರನ್ನು ಕರೆದು ತೋರಿಸಿ, ಕೊನೆಗೆ ಸಹಿ ಹಾಕಿದ ಅಭಿಪ್ರಾಯ ಅದು. ರೋಗಿ ಅವರ ಮುಖ ನೋಡಿರುವುದಿಲ್ಲ, ಅವರು ರೋಗಿಯ ಮುಖ ನೋಡಿರುವುದಿಲ್ಲ. ಆದರೂ ಮೊಲೆ ಉಳಿಯುತ್ತದೋ ಇಲ್ಲವೋ, ಕಿಮೊಥೆರಪಿ ಬೇಕೋ ಬೇಡವೋ ಎಂಬುದು ಹೆಚ್ಚಾಗಿ ಅವರ ನಾಲ್ಕು ಸಾಲಿನ ಮೇಲೆಯೇ ನಿಂತಿರುತ್ತದೆ.

ಮೊದಲು ಒಂದು ಭಯ ಕಳೆದುಬಿಡೋಣ. ‘ಬಯಾಪ್ಸಿಗೆ ಕಳಿಸಿದ್ದಾರೆ’ ಎಂದರೆ ‘ಕ್ಯಾನ್ಸರ್ ಅನುಮಾನ ಇದೆ’ ಎಂದೇ ಅರ್ಥವಲ್ಲ. ಅಪೆಂಡಿಕ್ಸ್, ಕಲ್ಲು ತುಂಬಿದ ಪಿತ್ತಕೋಶ, ಗಡ್ಡೆಯಾದ ಗರ್ಭಕೋಶ, ಹೀಗೆ ತೆಗೆದ ಅಂಗ ಯಾವುದಾದರೂ ಲ್ಯಾಬಿಗೆ ಕಳಿಸುವುದು ಒಳ್ಳೆಯ ಸರ್ಜನ್ನರ ರೂಢಿ. ಕಲ್ಲಿಗೆಂದು ತೆಗೆದ ಪಿತ್ತಕೋಶದಲ್ಲಿ ಯಾರೂ ನಿರೀಕ್ಷಿಸದ ಕ್ಯಾನ್ಸರ್ ಅಪರೂಪಕ್ಕೆ ಸಿಗುವುದುಂಟು. ಕ್ಯಾನ್ಸರ್ ಎಂದು ಹೆದರಿದ ಕತ್ತಿನ ಗಡ್ಡೆ ಕ್ಷಯವಾಗಿ ಹೊರಬೀಳುವುದಂತೂ ನಮ್ಮ ದೇಶದಲ್ಲಿ ಮಾಮೂಲು. ಸಿಹಿ ಸುದ್ದಿ ತರುವ ಎಚ್‌ಪಿಇ ಕಾಗದಗಳ ಸುದ್ದಿಯನ್ನು ಯಾರೂ ಊರೆಲ್ಲ ಹೇಳಿಕೊಂಡು ಬರುವುದಿಲ್ಲ. ಹಾಗಾಗಿ ‘ಬಯಾಪ್ಸಿ’ ಎಂಬ ಪದಕ್ಕೆ ಕೆಟ್ಟ ಹೆಸರು ಅಂಟಿಕೊಂಡಿದೆ.

ಇನ್ನೊಂದು ಗೊಂದಲ ಎಫ್‌ಎನ್‌ಎಸಿಯದು. ಗಂಟಿಗೆ ಸಣ್ಣ ಸೂಜಿ ಚುಚ್ಚಿ, ಎಳೆದು, ಗಾಜಿನ ಮೇಲೆ ಸವರಿ ನೋಡುವ ಪರೀಕ್ಷೆ. ಅದರಲ್ಲಿ ಸಿಗುವುದು ಬಿಡಿ ಬಿಡಿ ಜೀವಕೋಶಗಳು. ಅದು ಸೈಟಾಲಜಿ. ಹಿಸ್ಟೋಪೆಥಾಲಜಿಯಲ್ಲಿ ಕೋಶಗಳ ಜೊತೆಗೆ ಅವುಗಳ ವಿನ್ಯಾಸವೂ ಕಾಣುತ್ತದೆ: ಯಾವುದು ಯಾವುದರ ಪಕ್ಕದಲ್ಲಿದೆ, ಯಾವುದು ತನ್ನ ಗಡಿ ದಾಟಿ ಪಕ್ಕದ ಪದರಕ್ಕೆ ನುಗ್ಗಿದೆ. ಥೈರಾಯ್ಡಿನ ಫಾಲಿಕ್ಯುಲರ್ ಗಡ್ಡೆಯನ್ನೇ ತೆಗೆದುಕೊಳ್ಳಿ. ಅದು ಸಾಧುವೋ ಮಾರಕವೋ ಎಂಬುದು ಗಡ್ಡೆಯ ಸುತ್ತಲಿನ ಕವಚವನ್ನು ಅಥವಾ ರಕ್ತನಾಳವನ್ನು ಕೋಶಗಳು ಒಡೆದು ಹೊಕ್ಕಿವೆಯೇ ಎಂಬುದರ ಮೇಲೆ ನಿಂತಿದೆ. ಸೂಜಿಗೆ ಆ ಕವಚ ಕಾಣುವುದಿಲ್ಲ. ಅದಕ್ಕೇ “ಎಫ್‌ಎನ್‌ಎಸಿಯಲ್ಲಿ ಗೊತ್ತಾಗಲಿಲ್ಲ, ಗಡ್ಡೆ ತೆಗೆದು ನೋಡಬೇಕು” ಎಂದು ವೈದ್ಯರು ಹೇಳಿದರೆ ಅದು ದುಡ್ಡು ಮಾಡುವ ಉಪಾಯವೆಂದು ಮುನಿಯಬೇಕಾಗಿಲ್ಲ.

ರಕ್ತದ ರಿಪೋರ್ಟು ಸಂಜೆಗೇ ಬರುವಾಗ ಇದಕ್ಕೇಕೆ ವಾರ? ಡಬ್ಬಿಯ ಜೊತೆ ಒಳಗೆ ಹೋಗಿ ನೋಡಬೇಕು.

ದೇಹದಿಂದ ಬೇರೆಯಾದ ಮಾಂಸ ಆ ಕ್ಷಣದಿಂದಲೇ ಕೆಡಲು ತೊಡಗುತ್ತದೆ. ಅದನ್ನು ಇದ್ದ ಹಾಗೇ ನಿಲ್ಲಿಸುವುದು ಡಬ್ಬಿಯಲ್ಲಿರುವ ಫಾರ್ಮಲಿನ್, ಅಂದರೆ ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಫರ್ಡಿನಾಂಡ್ ಬ್ಲುಮ್ ಎಂಬ ವೈದ್ಯ ಫಾರ್ಮಾಲ್ಡಿಹೈಡನ್ನು ಕ್ರಿಮಿನಾಶಕವಾಗಿ ಬಳಸಬಹುದೇ ಎಂದು ಪರೀಕ್ಷಿಸುತ್ತಿದ್ದಾಗ ತನ್ನ ಬೆರಳಿನ ಚರ್ಮವೇ ಗಡುಸಾದದ್ದನ್ನು ಕಂಡ. 1893ರಲ್ಲಿ ಅದನ್ನು ಅಂಗಾಂಶ ಕೆಡದಂತೆ ಇಡುವ ದ್ರವವೆಂದು ಪ್ರಕಟಿಸಿದ. ಇಂದಿಗೂ ಜಗತ್ತಿನ ಲ್ಯಾಬುಗಳೆಲ್ಲ ಅದನ್ನೇ ನೆಚ್ಚಿಕೊಂಡಿವೆ. ಫಾರ್ಮಲಿನ್ ಒಳಕ್ಕೆ ಇಳಿಯುವುದು ನಿಧಾನ, ಗಂಟೆಗೆ ಸುಮಾರು 1 ಮಿಲಿಮೀಟರ್ ಎನ್ನುವುದು ಲ್ಯಾಬಿನವರ ಲೆಕ್ಕ. ತುಂಡಿನ ಗಾತ್ರಕ್ಕಿಂತ ದ್ರವ ಕನಿಷ್ಠ ಹತ್ತು ಪಟ್ಟು ಇರಬೇಕು. ದೊಡ್ಡ ಗರ್ಭಕೋಶವನ್ನು ಪುಟ್ಟ ಡಬ್ಬಿಗೆ ತುರುಕಿ ಮೇಲೆ ಎರಡು ಚಮಚ ಫಾರ್ಮಲಿನ್ ಸುರಿದು ಕಳಿಸಿದರೆ ಹೊರಗಡೆ ಗಟ್ಟಿ, ಒಳಗಡೆ ಕೊಳೆತ. ಸಲೈನಿನಲ್ಲೋ ಬರೀ ನೀರಿನಲ್ಲೋ ಹಾಕಿ ಕಳಿಸಿದರಂತೂ ನೋಡುವವರಿಗೆ ಏನೂ ಉಳಿದಿರುವುದಿಲ್ಲ. ಜಗತ್ತಿನ ಅತ್ಯುತ್ತಮ ಪೆಥಾಲಜಿಸ್ಟ್ ಕೂಡ ಕೊಳೆತ ತುಂಡನ್ನು ಓದಲಾರ. ಸ್ತನ ಕ್ಯಾನ್ಸರಿನ ಹಾರ್ಮೋನ್ ಪರೀಕ್ಷೆಗಳಿಗೆ ತುಂಡು ಫಾರ್ಮಲಿನ್ನಿನಲ್ಲಿ ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಇರಬೇಕೆಂಬ ಅಂತಾರಾಷ್ಟ್ರೀಯ ನಿಯಮವೇ ಇದೆ. ಶನಿವಾರ ಸಂಜೆ ಆಪರೇಷನ್ ಆದರೆ ಡಬ್ಬಿ ಸೋಮವಾರವಾದರೂ ಲ್ಯಾಬು ಮುಟ್ಟಿತೇ ಎಂದು ಮನೆಯವರು ವಿಚಾರಿಸುವುದು ಅತಿಯೇನಲ್ಲ.

ಲ್ಯಾಬಿನಲ್ಲಿ ಮೊದಲು ‘ಗ್ರಾಸಿಂಗ್’. ತುಂಡನ್ನು ಬರಿಗಣ್ಣಿನಲ್ಲಿ ನೋಡಿ, ಅಳೆದು, ಕೊಯ್ದು, ಯಾವ ಯಾವ ಜಾಗದಿಂದ ಚೂರು ತೆಗೆಯಬೇಕೆಂದು ತೀರ್ಮಾನಿಸುವ ಹಂತ. ನನ್ನ ಪ್ರಕಾರ ಇಡೀ ಕೆಲಸದ ಜೀವಾಳ ಇಲ್ಲಿದೆ, ಆದರೆ ಹೊರಗಿನವರಿಗೆ ಇದರ ಸುಳಿವೇ ಇರುವುದಿಲ್ಲ. ಆಮೇಲೆ ಆ ಚೂರುಗಳು ರಾತ್ರಿಯಿಡೀ ಮದ್ಯಸಾರದಲ್ಲಿ ನೀರು ಕಳೆದುಕೊಂಡು, ಜೈಲೀನ್‌ನಲ್ಲಿ ತೊಳೆಸಿಕೊಂಡು, ಕರಗಿದ ಪ್ಯಾರಫಿನ್ ಮೇಣ ಕುಡಿಯುತ್ತವೆ. ಬೆಳಗ್ಗೆ ಅದೊಂದು ಪುಟ್ಟ ಮೇಣದ ಇಟ್ಟಿಗೆ. ಅದಕ್ಕೆ ‘ಬ್ಲಾಕ್’ ಎನ್ನುತ್ತಾರೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಬ್ಲಾಕನ್ನು ಮೈಕ್ರೊಟೋಮ್ ಎಂಬ ಯಂತ್ರಕ್ಕೆ ಸಿಕ್ಕಿಸಿ 3ರಿಂದ 5 ಮೈಕ್ರಾನ್ ದಪ್ಪಕ್ಕೆ ಸೀಳುತ್ತಾರೆ. ತಲೆಗೂದಲಿನ ದಪ್ಪದಲ್ಲಿ ಹದಿನೈದಕ್ಕೂ ಹೆಚ್ಚು ಅಂಥ ಸೀಳು ಹಿಡಿಸಬಹುದು. ಸೀಳಿದ ಪದರ ಬೆಚ್ಚನೆಯ ನೀರಿನ ಮೇಲೆ ತೇಲುತ್ತದೆ. ಟೆಕ್ನೀಷಿಯನ್ ಅದನ್ನು ಗಾಜಿನ ಸ್ಲೈಡಿಗೆ ಸುಕ್ಕಿಲ್ಲದಂತೆ ಎತ್ತಿಕೊಳ್ಳುವುದನ್ನು ನೋಡಬೇಕು. ಯಂತ್ರ ಎಷ್ಟೇ ಬರಲಿ, ಇಲ್ಲಿ ಕೈಯ ಹದವೇ ಹದ. ಎಲುಬಿನ ತುಂಡಾದರೆ ಮೊದಲು ಆಮ್ಲದಲ್ಲಿ ಸುಣ್ಣ ಕರಗಿಸಿಕೊಳ್ಳಬೇಕು, ಅದಕ್ಕೇ ಇನ್ನಷ್ಟು ದಿನ ಬೇಕು.

ಇಷ್ಟೆಲ್ಲ ಆದರೂ ಸ್ಲೈಡಿನಲ್ಲಿ ಹೆಚ್ಚೇನೂ ಕಾಣುವುದಿಲ್ಲ. ಅಂಗಾಂಶಕ್ಕೆ ಸ್ವಂತ ಬಣ್ಣ ಬಹಳ ಕಡಿಮೆ. ಬಣ್ಣ ಹಾಕುವುದು ಎರಡು ಸಲ. ಒಂದು ಹಿಮಟಾಕ್ಸಿಲಿನ್. ಮೆಕ್ಸಿಕೊದ ಕಾಂಪೆಚೆ ಸೀಮೆಯ ಮರವೊಂದರ ತಿರುಳಿನಿಂದ ಬರುವ ಇದು ಮೂಲತಃ ಬಟ್ಟೆಗೆ ಹಾಕುತ್ತಿದ್ದ ಬಣ್ಣ. ಈ ಮರ ಕಡಿಯಲು ಹೋದ ಇಂಗ್ಲಿಷರ ಬಿಡಾರಗಳೇ ಬೆಳೆದು ಇಂದಿನ ಬೆಲೀಜ್ ದೇಶಕ್ಕೆ ಬುನಾದಿಯಾದವು ಎಂಬುದು ಬೇರೆ ಕಥೆ. ಜೀವಕೋಶದ ಬೀಜಕೇಂದ್ರಕ್ಕೆ ಈ ಬಣ್ಣ ನೀಲಿ-ನೇರಳೆ ಹಿಡಿಸುತ್ತದೆ. ಇನ್ನೊಂದು ಇಯೊಸಿನ್. 1870ರ ದಶಕದಲ್ಲಿ ಜರ್ಮನ್ ಬಣ್ಣದ ಕಾರ್ಖಾನೆಯವರು ತಯಾರಿಸಿದ ಗುಲಾಬಿ ರಂಗು, ಗ್ರೀಕರ ಉಷೆಯಾದ ಇಯೊಸ್‌ಳ ಹೆಸರನ್ನು ಹೊತ್ತದ್ದು. ಅದು ಉಳಿದ ಭಾಗವನ್ನು ಗುಲಾಬಿಯಾಗಿಸುತ್ತದೆ. ಈ ಜೋಡಿಯನ್ನು ಎಚ್ ಅಂಡ್ ಇ ಎನ್ನುತ್ತಾರೆ. ಒಂದೂವರೆ ಶತಮಾನದ ಹಿಂದಿನ ಈ ನೇರಳೆ-ಗುಲಾಬಿಯಲ್ಲೇ ಇವತ್ತಿಗೂ ಬಹುಪಾಲು ಕ್ಯಾನ್ಸರುಗಳ ತೀರ್ಮಾನ ಆಗುವುದು.

ಈ ವಿದ್ಯೆಯ ಹಿರಿಯರಲ್ಲಿ ಮೊದಲಿಗನಾದ ಪ್ಯಾರಿಸ್ಸಿನ ಕ್ಸೇವಿಯೆ ಬಿಶಾ ಸೂಕ್ಷ್ಮದರ್ಶಕವನ್ನೇ ನಂಬುತ್ತಿರಲಿಲ್ಲ. ಹೆಣಗಳನ್ನು ಕೊಯ್ದು, ಕುದಿಸಿ, ಒಣಗಿಸಿ, ಬರಿಗಣ್ಣಿನಲ್ಲೇ ನೋಡಿ ದೇಹ 21 ಬಗೆಯ ಅಂಗಾಂಶಗಳಿಂದ ಆಗಿದೆ ಎಂದ. 1802ರಲ್ಲಿ ತೀರಿಕೊಂಡಾಗ ಅವನಿಗೆ ಮೂವತ್ತೊಂದನ್ನೂ ದಾಟದ ವಯಸ್ಸು. ರೋಗ ಇಡೀ ಅಂಗದ್ದಲ್ಲ, ಅದರೊಳಗಿನ ಅಂಗಾಂಶದ್ದು ಎಂಬ ಅವನ ಮಾತನ್ನು ಇನ್ನೊಂದು ಹೆಜ್ಜೆ ಒಳಕ್ಕೆ ಒಯ್ದು, ರೋಗ ಜೀವಕೋಶದ್ದು ಎಂದವನು ಬರ್ಲಿನ್ನಿನ ರುಡಾಲ್ಫ್ ವಿರ್ಕೊ. 1858ರಲ್ಲಿ ಅವನ ಉಪನ್ಯಾಸಗಳು ಪುಸ್ತಕವಾದ ಮೇಲೆ ಸೂಕ್ಷ್ಮದರ್ಶಕವಿಲ್ಲದ ರೋಗಶಾಸ್ತ್ರವನ್ನು ಯೋಚಿಸುವಂತಿರಲಿಲ್ಲ.

ಆ ವಿರ್ಕೊನೇ ಒಂದು ತುಣುಕಿನ ಮುಂದೆ ಕೂತ ಪ್ರಸಂಗವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 1887ರ ಮೇ ತಿಂಗಳು. ಜರ್ಮನಿಯ ಯುವರಾಜ ಫ್ರೆಡ್ರಿಕ್‌ನ ಧ್ವನಿ ಕೆಟ್ಟು ತಿಂಗಳುಗಳಾಗಿದ್ದವು. ಧ್ವನಿಪೆಟ್ಟಿಗೆಯಲ್ಲಿ ಗಂಟು. ಜರ್ಮನ್ ವೈದ್ಯರು ಕ್ಯಾನ್ಸರ್ ಎಂದು ಅನುಮಾನಿಸಿ, ಕತ್ತು ಕೊಯ್ದು ತೆಗೆಯುವುದೆಂದು ತೀರ್ಮಾನಿಸಿದ್ದರು. ಅಷ್ಟರಲ್ಲಿ ಲಂಡನ್ನಿನ ಪ್ರಸಿದ್ಧ ಗಂಟಲು ವೈದ್ಯ ಮೊರೆಲ್ ಮೆಕೆಂಜಿಯನ್ನು ಕರೆಸಲಾಯಿತು. ಮೊದಲು ತುಣುಕು ತೆಗೆದು ವಿರ್ಕೊಗೆ ತೋರಿಸೋಣ ಎಂದ ಮೆಕೆಂಜಿ. ಬಾಯಿಯ ಮೂಲಕ ಚಿಮುಟ ಇಳಿಸಿ ಚೂರು ತೆಗೆದ. ವಿರ್ಕೊ ನೋಡಿ ಕ್ಯಾನ್ಸರ್ ಕಾಣಲಿಲ್ಲ ಎಂದ. ಮತ್ತೆ ತೆಗೆದರು, ಮತ್ತೆ ಅದೇ ಉತ್ತರ. ಆಪರೇಷನ್ ರದ್ದಾಯಿತು. ಮೆಕೆಂಜಿಗೆ ರಾಣಿ ವಿಕ್ಟೋರಿಯಾಳಿಂದ ‘ಸರ್’ ಪದವಿಯೂ ಸಿಕ್ಕಿತು. 1888ರ ಮಾರ್ಚಿನಲ್ಲಿ ಫ್ರೆಡ್ರಿಕ್ ಸಿಂಹಾಸನ ಏರಿದಾಗ ಅವನಿಗೆ ಮಾತೇ ಇರಲಿಲ್ಲ, ಉಸಿರಾಡಲು ಕತ್ತಿನಲ್ಲಿ ಕೊಳವೆ. 99 ದಿನ ಆಳಿ ಜೂನ್ 15ರಂದು ತೀರಿಕೊಂಡ. ಶವಪರೀಕ್ಷೆಯಲ್ಲಿ ಸಿಕ್ಕಿದ್ದು ಕ್ಯಾನ್ಸರ್. ಉದಾರವಾದಿಯೆಂದು ಹೆಸರಾಗಿದ್ದ ಅವನ ಜಾಗಕ್ಕೆ ಬಂದ ಮಗನೇ ಮೊದಲ ಮಹಾಯುದ್ಧದ ಕಾಲದ ಕೈಸರ್ ಎರಡನೇ ವಿಲ್‌ಹೆಲ್ಮ್. ತುಣುಕು ಬೇರೆ ಮಾತು ಆಡಿದ್ದರೆ ಯುರೋಪಿನ ಚರಿತ್ರೆಯೇ ಬದಲಾಗುತ್ತಿತ್ತೇ ಎಂದು ವಾದಿಸುವವರಿದ್ದಾರೆ. ಅಂದಿನ ಶಸ್ತ್ರಚಿಕಿತ್ಸೆಯಲ್ಲಿ ರೋಗಿ ಬದುಕುವುದೇ ಅನುಮಾನವಿದ್ದುದರಿಂದ ನನಗೆ ಆ ವಾದದಲ್ಲಿ ಅಷ್ಟು ನಂಬಿಕೆಯಿಲ್ಲ.

ವಿರ್ಕೊ ತಪ್ಪು ಓದಿದನೇ? ಅವನಿಗೆ ಕೊಟ್ಟ ಚೂರಿನಲ್ಲಿ ಕ್ಯಾನ್ಸರ್ ಇಲ್ಲದಿದ್ದಿರಬಹುದು. ಅಷ್ಟೇ ಅಲ್ಲ, ತಾನು ನೋಡಿದ ತುಣುಕುಗಳಿಂದ ಇಡೀ ರೋಗದ ಬಗ್ಗೆ ಖಚಿತವಾಗಿ ಹೇಳಲಾಗದು ಎಂಬ ಎಚ್ಚರಿಕೆಯನ್ನೂ ಅವನು ಬರೆದಿದ್ದ. ಅರಮನೆಯವರು ಓದಿಕೊಂಡದ್ದು ತಮಗೆ ಬೇಕಾದ ಸಾಲನ್ನು ಮಾತ್ರ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಸಾಕೆನ್ನುವ ನಮ್ಮ ಮಾತು ಗಡ್ಡೆಯ ಮಟ್ಟಿಗೆ ನಡೆಯದು. ಅದರ ಒಂದು ಮೂಲೆ ಕೊಳೆತಿರುತ್ತದೆ, ಒಂದು ಮೂಲೆಯಲ್ಲಿ ಬರೀ ಉರಿಯೂತ, ಮೂರನೆಯದರಲ್ಲಿ ಮಾತ್ರ ನಿಜವಾದ ರೋಗ ಕೂತಿರುತ್ತದೆ. ಇವತ್ತು ಎಂಡೊಸ್ಕೋಪಿ ಮಾಡುವವರು ಒಂದೇ ಹುಣ್ಣಿನಿಂದ ಆರೆಂಟು ಚೂರು ಚಿವುಟುವುದು ಈ ಕಾರಣಕ್ಕೆ. “ರಿಪೋರ್ಟಿನಲ್ಲಿ ಏನೂ ಇಲ್ಲ, ಆದರೂ ಇನ್ನೊಮ್ಮೆ ತೆಗೆಯೋಣ” ಎನ್ನುವ ವೈದ್ಯರ ಮೇಲೆ ರೋಗಿಯ ಕಡೆಯವರು ಸಿಡುಕುತ್ತಾರೆ. ಗಂಟು ಒಂದು ಹೇಳುತ್ತಿದ್ದು ಕಾಗದ ಇನ್ನೊಂದು ಹೇಳಿದಾಗ ಕಾಗದವನ್ನು ಅನುಮಾನಿಸುವುದೇ ಸರಿಯಾದ ವೈದ್ಯಕೀಯ.

ರಿಪೋರ್ಟಿನ ಭಾಷೆ ಇಲ್ಲಿಂದ ಅರ್ಥವಾಗತೊಡಗುತ್ತದೆ. ‘ಸಜೆಸ್ಟಿವ್ ಆಫ್’, ‘ಕನ್ಸಿಸ್ಟೆಂಟ್ ವಿತ್’ ಎಂಬ ಮಾತುಗಳನ್ನು ಜಾರಿಕೊಳ್ಳುವ ಮಾತೆಂದು ಬೈಯುವವರಿದ್ದಾರೆ. ಹಾಗಲ್ಲ, ಅವು ಖಚಿತತೆಯ ಮೆಟ್ಟಿಲುಗಳು. ಹೆಸರನ್ನು ನೇರವಾಗಿ ಬರೆದರೆ ಅನುಮಾನವಿಲ್ಲ. ‘ಕನ್ಸಿಸ್ಟೆಂಟ್ ವಿತ್’ ಎಂದರೆ ವೈದ್ಯರು ಅಂದುಕೊಂಡ ರೋಗಕ್ಕೆ ಸ್ಲೈಡು ಒಪ್ಪುತ್ತದೆ. ‘ಸಜೆಸ್ಟಿವ್’ ಎಂದರೆ ಆ ಕಡೆಗೆ ಬೆರಳು ತೋರಿಸುತ್ತಿದೆ, ಇನ್ನಷ್ಟು ಸಾಕ್ಷಿ ಬೇಕು. ‘ಇನ್‌ಅಡಿಕ್ವೇಟ್’ ಎಂದರೆ ತುಣುಕು ಸಾಲದು, ಅಷ್ಟೆ. ಅದನ್ನು ‘ರೋಗವಿಲ್ಲ’ ಎಂದು ಓದಿಕೊಂಡರೆ ಫ್ರೆಡ್ರಿಕ್‌ನ ಅರಮನೆಯವರಂತೆಯೇ ಆಯಿತು. ಕೊನೆಯ ಸಾಲಿನ ‘ಕ್ಲಿನಿಕಲ್ ಕೋರಿಲೇಷನ್’ ಅಂದರೆ, ನಾನು ಸ್ಲೈಡು ನೋಡಿದ್ದೇನೆ, ರೋಗಿಯನ್ನು ನೀವು ನೋಡಿದ್ದೀರಿ, ಎರಡನ್ನೂ ಕೂಡಿಸಿ ಎಂದು. ಆದರೆ ಈ ಸಾಲನ್ನು ಪ್ರತಿ ರಿಪೋರ್ಟಿಗೂ ಕಣ್ಣುಮುಚ್ಚಿ ಅಂಟಿಸುವ ಲ್ಯಾಬುಗಳೂ ಇವೆ. ಆಗ ಅದಕ್ಕೆ ಬೆಲೆ ಇಲ್ಲದಂತಾಗುತ್ತದೆ.

ಕೂಡಿಸಬೇಕಾದರೆ ಚೀಟಿಯಲ್ಲಿ ವಿವರ ಇರಬೇಕು. ಗರ್ಭಕೋಶದ ಒಳಪದರವನ್ನು ಕೆರೆದು ಕಳಿಸುವಾಗ ಕಡೆಯ ಮುಟ್ಟಿನ ದಿನಾಂಕ ಬರೆಯದಿದ್ದರೆ ಓದುವವರು ಅರ್ಧ ಕುರುಡರು. ಮುಟ್ಟಾದ ಮೊದಲ ಎರಡು ವಾರ ಆ ಪದರ ಬೆಳೆಯುವ ಕಾಲ, ಆಗ ರಿಪೋರ್ಟಿನಲ್ಲಿ ‘ಪ್ರೊಲಿಫರೇಟಿವ್ ಎಂಡೊಮೆಟ್ರಿಯಂ’ ಎಂದು ಬರುತ್ತದೆ. ‘ಪ್ರೊಲಿಫರೇಷನ್’ ಎಂದು ಮೊಬೈಲಿನಲ್ಲಿ ಹುಡುಕಿದರೆ ಕೋಶಗಳ ವಿಪರೀತ ಬೆಳವಣಿಗೆ, ಅಲ್ಲಿಂದ ಎರಡು ಹೆಜ್ಜೆಗೆ ಕ್ಯಾನ್ಸರ್! ಮೂವತ್ತೈದರ ಹೆಂಗಸಿಗೆ ಅದು ತೀರಾ ಸಹಜ ಸ್ಥಿತಿ. ಅದೇ ಪದ ಮುಟ್ಟು ನಿಂತು ಹತ್ತು ವರ್ಷವಾದವರ ಕಾಗದದಲ್ಲಿ ಬಂದರೆ ವೈದ್ಯರು ಕಾರಣ ಹುಡುಕುತ್ತಾರೆ. ಪದ ಒಂದೇ, ವಯಸ್ಸು ಬೇರೆ. ಎಲುಬಿನ ಗಡ್ಡೆಯನ್ನಂತೂ ಎಕ್ಸ್‌ರೇ ನೋಡದೆ ಓದಲು ಹೊರಟವರು ಎಡವುವುದು ಖಂಡಿತ, ವಾಸಿಯಾಗುತ್ತಿರುವ ಮುರಿದ ಎಲುಬು ಕೂಡ ಸ್ಲೈಡಿನಲ್ಲಿ ಕ್ಯಾನ್ಸರಿನ ವೇಷ ಹಾಕಬಲ್ಲದು.

ಅಂಕಿಗಳೂ ಹೀಗೇ ದಾರಿ ತಪ್ಪಿಸುತ್ತವೆ. ‘ಗ್ರೇಡ್’ ಮತ್ತು ‘ಸ್ಟೇಜ್’ ಒಂದೇ ಎಂದುಕೊಂಡು ‘ಮೂರನೇ ಹಂತ’ ಎಂದು ಬಂಧುಗಳಿಗೆಲ್ಲ ಫೋನಾಯಿಸಿದ ಮನೆಗಳುಂಟು. ಗ್ರೇಡ್ ಎಂದರೆ ಕೋಶಗಳು ತಮ್ಮ ಮೂಲ ರೂಪದಿಂದ ಎಷ್ಟು ಕೆಟ್ಟಿವೆ ಎಂಬ ಅಳತೆ, ಅದನ್ನು ಪೆಥಾಲಜಿಸ್ಟ್ ಸ್ಲೈಡಿನಲ್ಲಿ ನೋಡಿ ಹೇಳುತ್ತಾರೆ. ಸ್ಟೇಜ್ ಎಂದರೆ ರೋಗ ದೇಹದಲ್ಲಿ ಎಷ್ಟು ದೂರ ಹೋಗಿದೆ ಎಂಬುದು, ಅದಕ್ಕೆ ಸ್ಕ್ಯಾನು, ದುಗ್ಧಗ್ರಂಥಿಗಳ ಲೆಕ್ಕ ಎಲ್ಲ ಬೇಕು. ಗ್ರೇಡ್ 3ರ ಪುಟ್ಟ ಗಡ್ಡೆ ಮೊದಲ ಸ್ಟೇಜಿನಲ್ಲೇ ಸಿಕ್ಕಿರಬಹುದು. ಪ್ರಾಸ್ಟೇಟಿನ ಗ್ಲೀಸನ್ ಅಂಕ ಇನ್ನೂ ವಿಚಿತ್ರ. ಅಮೆರಿಕದ ಮಿನಿಯಾಪೊಲಿಸ್‌ನ ಡೊನಾಲ್ಡ್ ಗ್ಲೀಸನ್ 1966ರಲ್ಲಿ ಪ್ರಕಟಿಸಿದ ಈ ಪದ್ಧತಿಯಲ್ಲಿ ಎರಡು ವಿನ್ಯಾಸಗಳ ಅಂಕ ಕೂಡಿಸಿ 10ರೊಳಗೆ ಹೇಳುತ್ತಾರೆ. ಆದರೆ ಈಗ ಬಯಾಪ್ಸಿಯಲ್ಲಿ 3ಕ್ಕಿಂತ ಕೆಳಗಿನ ಅಂಕವನ್ನು ಕೊಡುವುದೇ ಇಲ್ಲ, ಹಾಗಾಗಿ 3+3=6 ಎಂಬುದೇ ತಳಮಟ್ಟ. ಹತ್ತಕ್ಕೆ ಆರು ಎಂದು ನೋಡಿದ ಅಜ್ಜ ಅರ್ಧ ಸತ್ತೇಹೋಗುತ್ತಾರೆ, ನಿಜಕ್ಕೆ ಅದು ತೀರಾ ನಿಧಾನಗತಿಯ ರೋಗ. ಈ ಗೊಂದಲ ತಪ್ಪಿಸಲೆಂದೇ ತಜ್ಞರು 2014ರಲ್ಲಿ 1ರಿಂದ 5ರ ಗ್ರೇಡ್ ಗುಂಪುಗಳನ್ನು ಒಪ್ಪಿಕೊಂಡರು. ಈಗಿನ ರಿಪೋರ್ಟುಗಳಲ್ಲಿ ಎರಡೂ ಇರುತ್ತವೆ.

ನಮ್ಮ ನಾಡಿಗೆ ತೀರಾ ಹತ್ತಿರದ ಪದ ‘ಡಿಸ್‌ಪ್ಲೇಸಿಯಾ’. ಅಡಿಕೆ, ಗುಟ್ಕಾ, ಹೊಗೆಸೊಪ್ಪು ಅಗಿಯುವವರ ಕೆನ್ನೆಯ ಒಳಗೆ ಬಿಳಿ ಮಚ್ಚೆಯೋ ಕೆಂಪು ಮಚ್ಚೆಯೋ ಏಳುತ್ತದೆ. ಬಾಯಿ ತೆರೆಯಲಾಗದಂತೆ ಬಿಗಿಯುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಡಿಕೆ ಜಗಿಯುವ ನಾಡುಗಳಿಗೇ ಮೀಸಲಾದ ರೋಗವೆನ್ನಬಹುದು. ಕೋಶಗಳು ಕೆಡಲು ಹೊರಟಿವೆ, ಆದರೆ ಇನ್ನೂ ತಳಪದರ ಒಡೆದಿಲ್ಲ ಎಂಬ ಸ್ಥಿತಿ ಡಿಸ್‌ಪ್ಲೇಸಿಯಾ. ಹಿಸ್ಟೋಪೆಥಾಲಜಿ ಕೊಡಬಹುದಾದ ಅತ್ಯಂತ ಬೆಲೆಬಾಳುವ ಸುದ್ದಿ ಇದೇ, ಯಾಕೆಂದರೆ ಇನ್ನೂ ಸಮಯ ಇದೆ. ತಂಬಾಕು ಅಗಿಯುವುದಕ್ಕೂ ಬಾಯಿಯ ಕ್ಯಾನ್ಸರಿಗೂ ಇರುವ ನಂಟನ್ನು ನಮ್ಮಲ್ಲಿ ಎತ್ತಿ ತೋರಿಸಿದವರಲ್ಲಿ ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಪೆಥಾಲಜಿಸ್ಟ್ ವಿ.ಆರ್. ಖಾನೋಲ್ಕರ್ ಹಿರಿಯರು. ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2003ರಲ್ಲಿ ತೀರ್ಮಾನಿಸಿದ್ದು ಮಲೆನಾಡಿನಲ್ಲಿ ಇಂದಿಗೂ ಬಿಸಿ ಚರ್ಚೆಯ ಸಂಗತಿ.

ಈ ವಿದ್ಯೆ ಕ್ಯಾನ್ಸರನ್ನು ಮಾತ್ರ ಹುಡುಕುವುದಲ್ಲ. ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರೆನ್ 1979ರಲ್ಲಿ ಜಠರದ ತುಣುಕೊಂದರ ಮೇಲೆ ತೆಳು ನೀಲಿ ಗೆರೆ ಕಂಡು, ಬೆಳ್ಳಿಯ ಬಣ್ಣ ಹಾಕಿ ನೋಡಿದಾಗ ಅಲ್ಲಿ ಡೊಂಕು ಬ್ಯಾಕ್ಟೀರಿಯಾಗಳ ಸಾಲೇ ಸಿಕ್ಕಿತು. ಜಠರದ ಆಮ್ಲದಲ್ಲಿ ಯಾವ ಕ್ರಿಮಿಯೂ ಬಾಳದು ಎಂದು ಆಗ ಎಲ್ಲರ ನಂಬಿಕೆ. ವಾರೆನ್ ಮಾತ್ರ ತನ್ನ ಕಣ್ಣನ್ನು ನಂಬಿದ. ಬ್ಯಾರಿ ಮಾರ್ಷಲ್ ಜೊತೆಗೂಡಿ ಆ ಬ್ಯಾಕ್ಟೀರಿಯಾವೇ ಹೊಟ್ಟೆಹುಣ್ಣಿನ ಕಾರಣವೆಂದು ತೋರಿಸಿದ್ದಕ್ಕೆ 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹುಚ್ಚುನಾಯಿ ಕಡಿತದಿಂದ ಸತ್ತವರ ಮಿದುಳಿನ ನರಕೋಶಗಳಲ್ಲಿ ಕಾಣುವ ಗುಲಾಬಿ ಚುಕ್ಕೆಗಳನ್ನು ಇಟಲಿಯ ಅಡೆಲ್ಕಿ ನೆಗ್ರಿ 1903ರಲ್ಲೇ ವಿವರಿಸಿದ್ದ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ನಡೆಯುತ್ತಿರುವ ಮಿದುಳು ಭಂಡಾರ ಇಂಥ ಅಂಗಾಂಶಗಳನ್ನು ಸಂಶೋಧನೆಗೆಂದು ಕಾಪಿಟ್ಟಿದೆ.

‘ಕತ್ತಿ ತಾಗಿದರೆ ಕ್ಯಾನ್ಸರ್ ಕೆರಳುತ್ತದೆ’ ಎಂಬ ಮಾತು ನಮ್ಮ ಹಳ್ಳಿಗಳಲ್ಲೂ ಪಟ್ಟಣಗಳಲ್ಲೂ ಗಟ್ಟಿಯಾಗಿ ಕೂತಿದೆ. ಸೂಜಿ ಹಾದ ದಾರಿಯಲ್ಲಿ ಕೋಶಗಳು ಉಳಿದು ಬೆಳೆಯುವುದು ಸುಳ್ಳಲ್ಲ, ಆದರೆ ಬಹಳ ಅಪರೂಪ. ಅದರ ಅಪಾಯವಿರುವ ಕಡೆ, ಉದಾಹರಣೆಗೆ ವೃಷಣದ ಗಡ್ಡೆಯಲ್ಲಿ, ವೈದ್ಯರು ಸೂಜಿ ಚುಚ್ಚದೆ ಬೇರೆ ದಾರಿ ಹಿಡಿಯುತ್ತಾರೆ. ಬಯಾಪ್ಸಿಗೆ ಹೆದರಿ ಆರು ತಿಂಗಳು ಪಥ್ಯ, ಲೇಪ ಎಂದು ಕಳೆದು, ಆಮೇಲೆ ಬಯಾಪ್ಸಿ ಮಾಡಿಸಿದ ಮೇಲೆ ರೋಗ ಹರಡಿದ್ದು ಕಂಡರೆ ಅಪವಾದ ಹೊರುವುದು ಕತ್ತಿಯೇ, ಕಳೆದ ಆರು ತಿಂಗಳಲ್ಲ.

ರೋಗಿ ಟೇಬಲ್ಲಿನ ಮೇಲಿರುವಾಗಲೇ ಉತ್ತರ ಬೇಕಾದರೆ ‘ಫ್ರೋಜನ್ ಸೆಕ್ಷನ್’. ಮೇಣದ ಬದಲು ತುಂಡನ್ನು ಹೆಪ್ಪುಗಟ್ಟಿಸಿ, ಸೀಳಿ, ಇಪ್ಪತ್ತು-ಮೂವತ್ತು ನಿಮಿಷದಲ್ಲಿ ಥಿಯೇಟರಿಗೆ ಫೋನು ಮಾಡುತ್ತಾರೆ. ಅಮೆರಿಕದ ಮೇಯೊ ಕ್ಲಿನಿಕ್ಕಿನ ಲೂಯಿ ವಿಲ್ಸನ್ 1905ರ ಚಳಿಗಾಲದಲ್ಲಿ ತುಂಡನ್ನು ಕಿಟಕಿಯ ಹೊರಗಿಟ್ಟು ಹೆಪ್ಪುಗಟ್ಟಿಸಿ ಇದನ್ನು ಪಳಗಿಸಿದ್ದ. ಬಾಯಿಯ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಅಂಚಿನಲ್ಲಿ ರೋಗ ಉಳಿದಿದೆಯೇ ಎಂದು ಆಗಲೇ ತಿಳಿಯಲು ಇದು ಬೇಕು. ಚಿತ್ರ ಮೇಣದ ಸೀಳಿನಷ್ಟು ಸ್ವಚ್ಛವಲ್ಲ, ಆದ್ದರಿಂದ ಕೊನೆಯ ಮಾತು ಮೇಣದ್ದೇ.

ಇಬ್ಬರು ಅನುಭವಿಗಳು ಒಂದೇ ಸ್ಲೈಡನ್ನು ನೋಡಿ ಬೇರೆ ಬೇರೆ ಅಭಿಪ್ರಾಯ ಕೊಡುವುದುಂಟು, ಅದರಲ್ಲೂ ಅಂಚಿನ ಪ್ರಕರಣಗಳಲ್ಲಿ. ದೊಡ್ಡ ಚಿಕಿತ್ಸೆಗೆ ಮುನ್ನ ಎರಡನೇ ಅಭಿಪ್ರಾಯ ಕೇಳುವುದು ಮೊದಲಿನವರಿಗೆ ಮಾಡುವ ಅವಮಾನವಲ್ಲ. ಪೆಥಾಲಜಿಸ್ಟರೇ ತಮ್ಮ ಕಷ್ಟದ ಸ್ಲೈಡುಗಳನ್ನು ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತಾರೆ. ಆದರೆ ಬೆಂಗಳೂರಿಗೋ ಮಂಗಳೂರಿಗೋ ಹೋಗುವಾಗ ಜನ ಹಿಡಿದು ಹೋಗುವುದು ರಿಪೋರ್ಟಿನ ಜೆರಾಕ್ಸ್. ಅದರಿಂದ ಹೊಸ ವೈದ್ಯರಿಗೆ ತಿಳಿಯುವುದು ಹಳೆಯ ವೈದ್ಯರ ಅಭಿಪ್ರಾಯ ಮಾತ್ರ. ಮೊದಲಿನ ಲ್ಯಾಬಿಗೆ ಹೋಗಿ, ಕೋರಿಕೆ ಬರೆದುಕೊಟ್ಟು, ಸ್ಲೈಡುಗಳ ಜೊತೆ ಮೇಣದ ಬ್ಲಾಕನ್ನೂ ಕೇಳಿ ಪಡೆಯಬೇಕು. ಸರಿಯಾಗಿ ಇಟ್ಟ ಬ್ಲಾಕು ವರ್ಷಗಟ್ಟಲೆ ಕೆಡುವುದಿಲ್ಲ, ಅದರಿಂದ ಹೊಸ ಸೀಳು ತೆಗೆದು ಹೊಸ ಬಣ್ಣ ಹಾಕಬಹುದು, ಹಾರ್ಮೋನ್ ಪರೀಕ್ಷೆಯನ್ನೂ ಜೀನ್ ಪರೀಕ್ಷೆಯನ್ನೂ ಮಾಡಿಸಬಹುದು. ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಮಾತ್ರ ಇಡಬೇಡಿ. ಮೇಣ ಕರಗುತ್ತದೆ.